ಕೆಂಡವಿದ್ದ ಕೋಣೆ

ಶ್ರಾವಕನು ಕೈಗೊಳ್ಳಬಾರದ ಹದಿನೈದು ಜೀವನೋಪಾಯಗಳನ್ನು ಉಪಾಸಕದಶಾಂಗವು ಹೆಸರಿಸುತ್ತದೆ. ಅವುಗಳಲ್ಲಿ ಮೊದಲನೆಯದು ‘ಇಂಗಾಲಕಮ್ಮ’, ಎಂದರೆ ಇದ್ದಿಲು ಸುಟ್ಟು ಮಾರುವ ಕಸುಬು. ಸಂಸ್ಕೃತದ ‘ಅಂಗಾರ’ವು ಪ್ರಾಕೃತದಲ್ಲಿ ‘ಇಂಗಾಲ’ವಾಯಿತು, ಆ ರೂಪವೇ ಕನ್ನಡಕ್ಕೂ ಇಳಿದು ಬಂದು, ಇಂದು ಶಾಲೆಯ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಓದುವ ಇಂಗಾಲವಾಗಿ ನಿಂತಿದೆ. ಪಂಡಿತ ಆಶಾಧರನ ಸಾಗಾರಧರ್ಮಾಮೃತವೂ ಅಗ್ನಿಜೀವಿಕೆಯನ್ನು ತ್ಯಾಜ್ಯವೆಂದೇ ಎಣಿಸಿದೆ. ಕಾರಣ ವಾಚಕರಿಗೆ ತಿಳಿದದ್ದೇ. ಮರ ಕಡಿಯುವಲ್ಲಿ ವನಸ್ಪತಿಕಾಯದ ಜೀವಗಳಿಗೆ ಹಾನಿ, ಬೆಂಕಿ ಹೊತ್ತಿಸಿ ನಂದಿಸುವಲ್ಲಿ ತೇಜಸ್ಕಾಯದ ಜೀವಗಳಿಗೆ ಹಾನಿ, ತೊಗಟೆಯೊಳಗಿನ ಹುಳುಹುಪ್ಪಟೆಗಳ ಲೆಕ್ಕವನ್ನಂತೂ ಇಡುವವರಿಲ್ಲ.

ಬೆಳಗಾವಿ ಜಿಲ್ಲೆಯ ಒಂದು ಪೇಟೆಯಲ್ಲಿ ಕಿರಾಣಿ ವ್ಯಾಪಾರ ಮಾಡಿ ವಿಶ್ರಾಂತರಾದ ಹಿರಿಯರೊಬ್ಬರ ಮನೆತನದಲ್ಲಿ ಈ ಮಾತು ಬರಿಯ ಪುಸ್ತಕದ ಮಾತಾಗಿರಲಿಲ್ಲ. 1960ರ ದಶಕದವರೆಗೆ ಅವರ ತಂದೆಯ ಅಂಗಡಿಯಲ್ಲಿ ಇಸ್ತ್ರಿಯವರಿಗೂ ಅಕ್ಕಸಾಲಿಗರಿಗೂ ಬೇಕಾದ ಇದ್ದಿಲಿನ ಚೀಲಗಳು ಮಾರಾಟಕ್ಕಿರುತ್ತಿದ್ದವು. ಒಂದು ಚಾತುರ್ಮಾಸದಲ್ಲಿ ಪ್ರವಚನ ಕೇಳಿ ಬಂದ ತಂದೆಯವರು ಮರುದಿನವೇ ಆ ಚೀಲಗಳನ್ನು ಕೊಂಡ ಬೆಲೆಗೆ ಬೇರೊಬ್ಬ ವರ್ತಕನಿಗೆ ದಾಟಿಸಿ ಆ ವ್ಯಾಪಾರವನ್ನು ನಿಲ್ಲಿಸಿದರು. (ಮತ್ತೊಬ್ಬನಿಗೆ ದಾಟಿಸಿದರೆ ದೋಷ ಕಳೆಯಿತೇ ಎಂಬುದು ಬೇರೆ ಪ್ರಶ್ನೆ. ತಂದೆಯವರು ಕೊನೆಯವರೆಗೂ ಅದನ್ನು ಯೋಚಿಸುತ್ತಿದ್ದರೆಂದು ಮಗನು ಹೇಳುವುದುಂಟು.) ಹೀಗೆ ಇದ್ದಿಲನ್ನು ಕಂಡರೆ ಆ ಹಿರಿಯರಿಗೆ ಒಂದು ಬಗೆಯ ಸಂಕೋಚ, ‘ನಮ್ಮ ಮನೆ ಇದನ್ನು ಬಿಟ್ಟಿದೆ’ ಎಂಬ ಒಂದಿಷ್ಟು ಅಭಿಮಾನವೂ ಅದರ ಜೊತೆಗೆ.

ಅವರ ಅಳಿಯಂದಿರು ಜೋರ್ಡಾನ್ ದೇಶದ ರಾಜಧಾನಿ ಅಮ್ಮಾನಿನ ಹೊರವಲಯದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಅಧಿಕಾರಿಗಳು. ಮಗಳ ಒತ್ತಾಯಕ್ಕೆ ಕಟ್ಟುಬಿದ್ದು 2018ರ ಡಿಸೆಂಬರಿನಲ್ಲಿ ದಂಪತಿಗಳು ಅಲ್ಲಿಗೆ ಹೋದರು. ಅಮ್ಮಾನ್ ಗುಡ್ಡಗಳ ಊರು. ಮನೆಗಳೆಲ್ಲ ಬಿಳಿಯ ಸುಣ್ಣಕಲ್ಲಿನವು. ಅಡಿಗೆ ಅನಿಲದ ಸಿಲಿಂಡರು ಮಾರುವ ಲಾರಿ ಬೀದಿಗೆ ಬಂದಾಗ ಬೀಥೋವನ್ನನ ಪಿಯಾನೋ ರಾಗವೊಂದನ್ನು ನುಡಿಸುತ್ತ ಬರುತ್ತದೆ. ಮೊದಲ ದಿನ ಹಿರಿಯರು ಅದನ್ನು ಯಾವುದೋ ಮೆರವಣಿಗೆಯೆಂದು ತಿಳಿದು ಬಾಗಿಲಿಗೆ ಬಂದು ನಿಂತರಂತೆ. ಚಳಿಯಂತೂ ಬೆಳಗಾವಿಯವರೂ ಬೆರಗಾಗುವಂಥದು. ಸಂಜೆ ನಾಲ್ಕೂಮುಕ್ಕಾಲರ ಸುಮಾರಿಗೆ ಸೂರ್ಯಾಸ್ತ. ಆದ್ದರಿಂದ ಇವರ ಊಟ ನಾಲ್ಕಕ್ಕೇ ಮುಗಿಯಬೇಕು.

ಕೆಳಗಿನ ಮಹಡಿಯಲ್ಲಿ ಮನೆಯ ಮಾಲೀಕರು. ಅವರೂ ಎಪ್ಪತ್ತರ ಸಮೀಪದವರು; ಹೆಂಡತಿ, ವಿಧವೆಯಾದ ಮಗಳು, ಏಳು ವರ್ಷದ ಮೊಮ್ಮಗ. ಅಲ್ಲಿ ಶುಕ್ರವಾರ, ಶನಿವಾರಗಳು ವಾರದ ರಜೆಯಾದ್ದರಿಂದ ಪ್ರತಿ ಗುರುವಾರ ರಾತ್ರಿ ಮೇಲಿನವರನ್ನು ಕೆಳಗೆ ಕರೆಯುವುದು ಅವರ ಪದ್ಧತಿ. ಹಿರಿಯರು ಸೂರ್ಯಾಸ್ತದ ನಂತರ ಏನನ್ನೂ ಸೇವಿಸುವುದಿಲ್ಲವೆಂದು ಅಳಿಯಂದಿರು ಅರಬ್ಬಿಯಲ್ಲಿ ತಿಳಿಸಿದಾಗ ಮಾಲೀಕರು ನಕ್ಕು, “ರಮದಾನಿನಲ್ಲಿ ನಾವು ಸೂರ್ಯ ಮುಳುಗಿದ ಮೇಲೆ ಉಣ್ಣುತ್ತೇವೆ, ನೀವು ಮುಳುಗುವವರೆಗೆ. ನಮ್ಮಿಬ್ಬರ ನಡುವೆ ಸೂರ್ಯನೇ ಪಂಚನಾಗಿದ್ದಾನೆ” ಎಂದರು. ಅಂದಿನಿಂದ ಋಷಿಪತ್ರೆಯ ಎಲೆ ಹಾಕಿದ ಚಹಾದ ತಟ್ಟೆ ಇವರ ಮುಂದೆ ಬರದೆ ಪಕ್ಕದಿಂದಲೇ ಸಾಗಿಹೋಗುತ್ತಿತ್ತು. ಅಷ್ಟು ಮರ್ಯಾದೆಯ ಜನ.

ಆ ಮನೆಯ ಗುರುವಾರದ ಮುಖ್ಯ ಕಾರ್ಯವೆಂದರೆ ಹುಕ್ಕಾ. ಅಲ್ಲಿ ಅದನ್ನು ‘ಅರ್ಗೀಲೆ’ ಎನ್ನುತ್ತಾರೆ. ಹಿರಿಯರು ತಂಬಾಕಿನ ಕಡೆಗೆ ಮುಖ ತಿರುಗಿಸಿದರೂ ಇದ್ದಿಲನ್ನು ನೋಡದೆ ಇರಲಾಗಲಿಲ್ಲ. ವರ್ತಕನ ಕಣ್ಣು ಸರಕನ್ನು ಕಂಡರೆ ಸುಮ್ಮನಿರುವುದಿಲ್ಲ. ಮಾಲೀಕರ ಬಳಿ ಎರಡು ಬಗೆಯ ಇದ್ದಿಲಿತ್ತು. ಒಂದು ಕಿತ್ತಳೆ ಜಾತಿಯ ಮರದ್ದು, ಕೊಂಬೆಯ ಆಕಾರ ಹಾಗೆಯೇ ಉಳಿದ ತುಂಡುಗಳು. ಇನ್ನೊಂದು ಇಂಡೋನೇಷ್ಯದಿಂದ ಬಂದ ತೆಂಗಿನ ಕರಟದ ಇದ್ದಿಲು. ಕರಟವನ್ನು ಸುಟ್ಟು, ಪುಡಿಮಾಡಿ, ಮರಗೆಣಸಿನ ಹಿಟ್ಟಿನ ಅಂಟಿನಲ್ಲಿ ಕಲಸಿ, ಒಂದಂಗುಲದ ಘನಗಳಾಗಿ ಒತ್ತಿ ಒಣಗಿಸಿದ್ದು. ಅದು ಹೊತ್ತಲು ತಡ, ಆದರೆ ಒಮ್ಮೆ ಹೊತ್ತಿದರೆ ಬಹಳ ಹೊತ್ತು ನಿಲ್ಲುತ್ತದೆ, ಬೂದಿ ಕಡಿಮೆ. ಬೆಂಕಿಕಡ್ಡಿಗೇ ಹೊತ್ತಿಕೊಳ್ಳುವ ಮೂರನೆಯದೊಂದು ಬಿಲ್ಲೆಯಿದೆ. ಅದರಲ್ಲಿ ಪೆಟ್ಲುಪ್ಪು ಬೆರೆತಿರುವುದರಿಂದ ಚಟಚಟನೆ ಕಿಡಿ ಹಾರಿ ನಾತ ಬರುತ್ತದೆ. ಮಾಲೀಕರು ಅದನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಹಿರಿಯರು ಕರಟದ ಘನವೊಂದನ್ನು ಕೈಗೆತ್ತಿಕೊಂಡು, ಇನ್ನೊಂದಕ್ಕೆ ಬಡಿದು ಅದರ ಟಣ್ಣೆನ್ನುವ ದನಿ ಕೇಳಿ, ತಿಪಟೂರು ಕಡೆಯ ಒಳ್ಳೆಯ ಮಾಲಿನಂತಿದೆಯೆಂದು ತಲೆದೂಗಿದರು. ಹಸಿ ಮರ ಕಡಿಯದೆ, ಬಿಸಾಡುವ ಕರಟದಿಂದ ಆದದ್ದೆಂಬ ಸಮಾಧಾನವೂ ಅವರಿಗಿತ್ತು.

ಹೊತ್ತಿಸುವ ಕ್ರಮಕ್ಕೆ ಅವಸರ ಒಗ್ಗದು. ಅನಿಲದ ಒಲೆಯ ಮೇಲೆ ತಂತಿಯ ಬುಟ್ಟಿಯನ್ನಿಟ್ಟು, ಒಂದಕ್ಕೊಂದು ತಾಗದಂತೆ ಘನಗಳನ್ನು ಜೋಡಿಸಿ, ನಾಲ್ಕೈದು ನಿಮಿಷಕ್ಕೆ ಇಕ್ಕಳದಿಂದ ಮಗುಚಿ, ಮತ್ತೆ ಅಷ್ಟೇ ಹೊತ್ತು ಕಾಯಿಸಬೇಕು. ಅಂಚಿನಲ್ಲಿ ಕಪ್ಪು ಉಳಿದಿರುವಷ್ಟು ಕಾಲ ಹೊಗೆಯೂ ಒಗರು ವಾಸನೆಯೂ ಇರುತ್ತವೆ. ಆರು ಮುಖಗಳೂ ಕೆಂಪಾಗಿ ಮೇಲೆ ತೆಳ್ಳನೆಯ ಬೂದಿ ಕಟ್ಟಿದಾಗ ಅದು ಸಿದ್ಧ. ಜೇನು, ಬೆಲ್ಲದ ಪಾಕದಲ್ಲಿ ಕಲಸಿದ ತಂಬಾಕನ್ನು ಮಣ್ಣಿನ ಚಿಲುಮೆಗೆ ತುಂಬಿ, ಅದಕ್ಕೆ ಲೋಹದ ಹಾಳೆ ಬಿಗಿದು, ಸೂಜಿಯಿಂದ ತೂತು ಹಾಕಿ, ಅಂಚಿನಲ್ಲಿ ಎರಡು ಮೂರು ಕೆಂಡಗಳನ್ನು ಇಡುತ್ತಾರೆ. ತಂಬಾಕು ಉರಿಯಬಾರದು, ಬೇಯಬೇಕು. ಉಳಿದ ಕೆಂಡಗಳು ಬದಲಿಗೆ ಬೇಕಾಗುವವರೆಗೂ ಅಗ್ಗಿಷ್ಟಿಕೆಯಲ್ಲಿ ಕಾದಿರುತ್ತವೆ. ಆ ಅಗ್ಗಿಷ್ಟಿಕೆಗೆ ಅಲ್ಲಿನ ಹೆಸರು ‘ಕಾನೂನ್’. ಡಿಸೆಂಬರ್, ಜನವರಿ ತಿಂಗಳುಗಳಿಗೂ ಅಲ್ಲಿ ಮೊದಲ ಕಾನೂನ್, ಎರಡನೆಯ ಕಾನೂನ್ ಎಂದೇ ಹೆಸರು. ನಮ್ಮ ಕಚೇರಿಗಳ ಕಾನೂನು ಬೇರೆಯೇ ಶಬ್ದವಾದರೂ ಹಿರಿಯರಿಗೆ ಇದೊಂದು ವಿನೋದವಾಗಿತ್ತು.

ಮಾಲೀಕರು ಇದನ್ನೆಲ್ಲ ಹಜಾರದ ಹೊರಗಿನ ಮೊಗಸಾಲೆಯಲ್ಲಿ ಮಾಡುತ್ತಿದ್ದರು. “ಕೆಂಪಾಗುವವರೆಗೆ ಹೊಗೆ, ಕೆಂಪಾದ ಮೇಲೆ ಹೊಗೆಯಿಲ್ಲ, ತೊಂದರೆಯಿಲ್ಲ” ಎಂದು ಅವರು ಹೇಳಿದ್ದನ್ನು ಅಳಿಯಂದಿರು ಕನ್ನಡಕ್ಕೆ ತಂದರು. ಹಿರಿಯರೂ ತಲೆಯಾಡಿಸಿದರು.

ಮೊದಲ ಗುರುವಾರವೇ ಹಿರಿಯರು ತಂಬಾಕಿನ ಕೇಡಿನ ಮೇಲೆ ಒಂದು ಉಪನ್ಯಾಸ ಮಾಡಿದ್ದರು. ವ್ಯಸನ, ಕ್ಷಯ, ಧನನಾಶ ಎಂದು ಮೊದಲುಮಾಡಿ, ಪಾಂಡಿತ್ಯ ತೋರಿಸುವ ಆಸೆಗೆ ಬಿದ್ದು, 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಸದ್ ಬೇಗನೆಂಬ ಅಧಿಕಾರಿ ಬಿಜಾಪುರದಲ್ಲಿ ತಂಬಾಕನ್ನು ಕಂಡು, ಅಲಂಕರಿಸಿದ ಕೊಳವೆಯೊಡನೆ ಅಕ್ಬರನಿಗೆ ಒಪ್ಪಿಸಿದನೆಂದೂ, ಆಸ್ಥಾನದ ವೈದ್ಯನು ಅದನ್ನು ತಡೆದನೆಂದೂ, 1617ರಲ್ಲಿ ಜಹಾಂಗೀರನು ನಿಷೇಧಿಸಿದನೆಂದೂ ವಿವರಿಸಿದರು. ಎಲ್ಲವನ್ನೂ ಕೇಳಿದ ಮಾಲೀಕರು, “ಹಾಗಾದರೆ ದೊರೆಗೆ ಇದನ್ನು ಕಳಿಸಿದವರು ನಿಮ್ಮೂರಿನವರೇ ಆಯಿತು!” ಎಂದರು. ಅಷ್ಟಕ್ಕೇ ನಿಲ್ಲದೆ, ತಮ್ಮ ‘ಅರ್ಗೀಲೆ’ ಶಬ್ದವು ಪಾರಸಿಯ ‘ನಾರ್ಗೀಲ್’, ಎಂದರೆ ತೆಂಗಿನಕಾಯಿ, ಎಂಬುದರಿಂದ ಬಂದದ್ದು, ಹಿಂದೆ ನೀರಿನ ಬುರುಡೆ ತೆಂಗಿನ ಚಿಪ್ಪೇ ಆಗಿತ್ತು ಎಂದರು. ನಾರ್ಗೀಲ್ ಎಂದರೆ ನಮ್ಮ ನಾರಿಕೇಳವೇ. ಹುಕ್ಕಾದ ಬುರುಡೆಗಳಿಗೆ ಬೆಳ್ಳಿಯ ಹೂಬಳ್ಳಿ ಕೂರಿಸಿ ಜಗತ್ತಿನ ವಸ್ತುಸಂಗ್ರಹಾಲಯಗಳನ್ನು ತುಂಬಿದವರು ಬೀದರಿನ ಕುಶಲಕರ್ಮಿಗಳೆಂಬುದು ಹಿರಿಯರಿಗೆ ಆಗಲೇ ನೆನಪಾಯಿತು. ಅದನ್ನು ಅವರು ಬಾಯಿಗೆ ತರಲಿಲ್ಲ.

ಎಲ್ಲರೂ ನಕ್ಕರು, ಆದರೆ ಮಾಲೀಕರ ಹೆಂಡತಿ ಹುಕ್ಕಾವನ್ನು ಮೆಲ್ಲಗೆ ಒಳಗೆ ಒಯ್ದಿಟ್ಟದ್ದನ್ನು ಇವರ ಶ್ರೀಮತಿಯವರು ನೋಡಿದ್ದರು. ಮೇಲೆ ಬಂದ ಕೂಡಲೇ, “ಮಂದಿ ಮನಿಯಾಗ ಪ್ರವಚನ ಸಾಕು ಮಾಡ್ರಿ. ಅವರು ನಿಮಗ ಚಹಾ ಕುಡೀರಿ ಅಂತ ಒತ್ತಾಯ ಮಾಡಿದರೇನು?” ಎಂದರು. ಮಾತು ನ್ಯಾಯವಾಗಿತ್ತು. ಇನ್ನು ಆ ಮನೆಯ ಕೆಂಡದ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲವೆಂದು ಹಿರಿಯರು ನಿಶ್ಚಯಿಸಿದರು. ಪರರ ಆಚಾರವನ್ನು ಅವರ ನಿಲುವಿನಿಂದ ನೋಡಬೇಕೆಂಬ ಅನೇಕಾಂತದ ಮಾತನ್ನೂ ಅದಕ್ಕೆ ಜೋಡಿಸಿಕೊಂಡರು. ಮೌನಕ್ಕೆ ಶಾಸ್ತ್ರದ ಆಧಾರ ಸಿಕ್ಕಿತು.

2019ರ ಜನವರಿಯ ಒಂದು ಗುರುವಾರ ಮಳೆಗಾಳಿ ವಿಪರೀತವಾಯಿತು. ಮೊಗಸಾಲೆಯಲ್ಲಿ ನಿಲ್ಲಲಾಗದೆ ಮಾಲೀಕರು ಇದ್ದಿಲನ್ನು ಅಡಿಗೆಮನೆಯಲ್ಲೇ ಹೊತ್ತಿಸಿ, ಅಗ್ಗಿಷ್ಟಿಕೆಯನ್ನು ಹಜಾರದ ನಡುವೆ ತಂದಿರಿಸಿದರು. ಚಳಿ ಕಾಯಿಸಲೂ ಆಗಲೆಂದು ಮರದ ಇದ್ದಿಲನ್ನು ಹೆಚ್ಚಾಗಿಯೇ ಸುರಿದಿದ್ದರು. ಕಿಟಕಿಗಳೆಲ್ಲ ಭದ್ರ. ಬಾಗಿಲ ಕೆಳಗಿನ ಸಂದಿಗೆ ಕಂಬಳಿ ಸುತ್ತಿ ಒತ್ತಿದ್ದರು. ಆಗ ರಾತ್ರಿ ಎಂಟು ಗಂಟೆ.

ಕಂಬಳಿಯನ್ನು ಕಂಡಾಗಲೇ ಹಿರಿಯರ ಮನಸ್ಸಿನಲ್ಲಿ ಏನೋ ಅಳುಕಿತು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುವ ರೂಢಿಯನ್ನು ವಾಚಕರು ಬಲ್ಲರು. ತಂಗಿಯರ ಬಾಣಂತನದಲ್ಲಿ ಅವರ ತಾಯಿ ಮನೆಮಂದಿಗೆಲ್ಲ ಕೂಗಿ ಹೇಳುತ್ತಿದ್ದ ಒಂದು ಮಾತಿತ್ತು: “ಕೆಂಡ ಇಟ್ಟ ಖೋಲಿಗೆ ಅಗಳಿ ಹಾಕಬ್ಯಾಡ್ರಿ.” ಎಂಥ ಚಳಿಯಲ್ಲೂ ಆ ಬಾಗಿಲು ಗೇಣಗಲ ತೆರೆದಿರುತ್ತಿತ್ತು. ಕಾರಣವನ್ನು ಆ ತಾಯಿ ಎಂದೂ ಹೇಳಲಿಲ್ಲ, ಬಹುಶಃ ತಿಳಿದಿರಲೂ ಇಲ್ಲ. ಹಿರಿಯರಿಗೆ ಮಾತು ನಾಲಗೆಯವರೆಗೆ ಬಂದಿತು. ಆದರೆ ಮತ್ತೆ ಕೆಂಡದ ಮೇಲೆ ಟೀಕೆಯೆಂದು ಮಾಲೀಕರು ತಿಳಿದಾರೆಂಬ ಸಂಕೋಚ. ಮೇಲಾಗಿ ಅಗ್ಗಿಷ್ಟಿಕೆಯಲ್ಲಿ ಹೊಗೆಯೆಂಬುದೇ ಇರಲಿಲ್ಲ. ಅಲ್ಲಲ್ಲಿ ಕೆಂಡದ ಮೇಲೆ ನೀಲಿಯ ಸಣ್ಣ ನಾಲಗೆಗಳು ಆಡುತ್ತಿದ್ದವು. ನೋಡಲು ಬಹಳ ಚೆಲುವಾಗಿತ್ತು ಎಂದು ಈಗಲೂ ಹೇಳುತ್ತಾರೆ.

ಆ ನೀಲಿ ನಾಲಗೆಯೇ ಎಚ್ಚರಿಕೆ. ಕೆಂಡದ ರಾಶಿಯ ಅಡಿಯಲ್ಲಿ ಇಂಗಾಲವು ಆಮ್ಲಜನಕದೊಡನೆ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಕಾದ ಕೆಂಡಗಳ ನಡುವೆ ಮೇಲೇರುವಾಗ ಇನ್ನಷ್ಟು ಇಂಗಾಲವನ್ನು ಸೇರಿಸಿಕೊಂಡು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಮೇಲ್ಭಾಗದಲ್ಲಿ ಗಾಳಿ ಸಿಕ್ಕಲ್ಲಿ ಅದು ನೀಲಿಯಾಗಿ ಉರಿಯುತ್ತದೆ, ಉಳಿದದ್ದು ಕೋಣೆಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ನಂಬಿಕೆ ಇಲ್ಲಿ ಪೂರ್ತಿ ತಲೆಕೆಳಗು: ಹೊಗೆಯಿದ್ದರೆ ಜನ ಕೆಮ್ಮಿ ಎದ್ದು ಹೊರಗೆ ಹೋಗುತ್ತಾರೆ, ಇದರಲ್ಲಿ ಹಾಯಾಗಿ ಕುಳಿತೇ ಇರುತ್ತಾರೆ. ಹುಕ್ಕಾ ಸೇದುವವನ ಎದೆಗಿಳಿಯುವ ಈ ಅನಿಲದಲ್ಲೂ ಹೆಚ್ಚಿನ ಪಾಲು ತಂಬಾಕಿನದಲ್ಲ, ಇದ್ದಿಲಿನದೇ. ಬುರುಡೆಯ ನೀರು ಅದನ್ನು ಶೋಧಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿಯೂ 2015ರಲ್ಲಿಯೂ ಹುಕ್ಕಾದ ಬಗ್ಗೆ ಪ್ರತ್ಯೇಕವಾದ ಸಲಹಾ ಟಿಪ್ಪಣಿಗಳನ್ನೇ ಹೊರಡಿಸಿತು.

ಅಂದು ಮಾಲೀಕರ ಹೆಂಡತಿ ಒಂಬತ್ತೂವರೆಗೆ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡರು. ಮಗು ಅಗ್ಗಿಷ್ಟಿಕೆಯ ಪಕ್ಕದ ದಿಂಬಿನ ಮೇಲೆ ಎಂದಿಗಿಂತ ಬೇಗ ಮಲಗಿತು. ಹತ್ತು ದಾಟಿದ ಮೇಲೆ ಮೇಲಿನವರು ಎದ್ದರು. ಹಿರಿಯರಿಗೆ ತಲೆ ಭಾರ, ಕಾಲಲ್ಲಿ ತ್ರಾಣವಿಲ್ಲ. ಪ್ರಯಾಣದ ದಣಿವೂ ಅಲ್ಲ, ಉಪವಾಸವೂ ಅಲ್ಲ. ಹೊರಗಿನ ಮೆಟ್ಟಿಲ ಮೇಲೆ ತಣ್ಣನೆಯ ಗಾಳಿ ಮುಖಕ್ಕೆ ಬಡಿದು ನಾಲ್ಕು ಸಲ ಉಸಿರಾಡುವಷ್ಟರಲ್ಲಿ ತಲೆ ಕೊಂಚ ತಿಳಿಯಾಯಿತು. ಆ ಕ್ಷಣದಲ್ಲಿ ತಾಯಿಯ ಧ್ವನಿ ಕಿವಿಯಲ್ಲಿ ಕೇಳಿತೆಂದು ಅವರು ಹೇಳುತ್ತಾರೆ. ಹಿಂದಿರುಗಿ ಬಂದು, ಬಾಗಿಲನ್ನು ಬಡಿದು, ಮಾಲೀಕರು ತೆರೆದ ಕೂಡಲೇ ಒಂದು ಮಾತೂ ಆಡದೆ ಒಳನುಗ್ಗಿ ಎರಡು ಕಿಟಕಿಗಳನ್ನು ತೆರೆದರು. ಅಳಿಯಂದಿರು ಮಗುವನ್ನು ಎಬ್ಬಿಸಿದರೆ ಮಗು ಏಳಲಿಲ್ಲ.

ಎತ್ತಿ ಹೊರಗೆ ತಂದ ಮೇಲೆ ವಾಂತಿ ಮಾಡಿಕೊಂಡು ಕಣ್ಣು ತೆರೆಯಿತು, ಮತ್ತೆ ಮುಚ್ಚಿತು. 911ಕ್ಕೆ ದೂರವಾಣಿ ಮಾಡಿದ ಮೇಲೆ ನಾಗರಿಕ ರಕ್ಷಣಾ ದಳದ ಆಂಬ್ಯುಲೆನ್ಸ್ ಬಂದು, ಮುಖಕ್ಕೆ ಆಮ್ಲಜನಕವಿಟ್ಟು ಮಗುವನ್ನೂ ಅಜ್ಜಿಯನ್ನೂ ಒಯ್ದಿತು. ಆಸ್ಪತ್ರೆಯಲ್ಲಿ ಬೆರಳಿಗೆ ಹಾಕಿದ ಯಂತ್ರವು 98 ತೋರಿಸಿದಾಗ ಮಾಲೀಕರು ನಿಟ್ಟುಸಿರಿಟ್ಟರಂತೆ. ವೈದ್ಯರು ಒಪ್ಪಲಿಲ್ಲ. ಆ ಯಂತ್ರವು ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ಹಿಡಿದ ರಕ್ತವೆಂದೇ ಓದುತ್ತದೆ, ರಕ್ತವನ್ನು ತೆಗೆದು ಪರೀಕ್ಷಿಸಿದರಷ್ಟೇ ನಿಜ ತಿಳಿಯುವುದು ಎಂದರು. ಸಾಧಾರಣ ಗಾಳಿಯಲ್ಲಿ ಈ ವಿಷವು ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕವಿತ್ತರೆ ಒಂದು, ಒಂದೂವರೆ ಗಂಟೆ. ಮಕ್ಕಳ ಉಸಿರು ಬೇಗಬೇಗನೆ ಆಡುವುದರಿಂದ ದೊಡ್ಡವರಿಗಿಂತ ಮೊದಲು ಅವರನ್ನೇ ಅದು ಹಿಡಿಯುತ್ತದೆ. ಎರಡು ದಿನಗಳ ಮೇಲೆ ಮಗು ಮನೆಗೆ ಬಂದಿತು.

ಹುಕ್ಕಾ ನಮ್ಮ ಮನೆಗಳ ಮಾತಲ್ಲ. ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲಿ ಅದರ ಮಾರಾಟ, ಸೇವನೆಗಳನ್ನು ಸರ್ಕಾರ ನಿಷೇಧಿಸಿತು, ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೆಂಡದ ಮಾತು ಹಾಗಲ್ಲ. ಬಾಣಂತಿಯ ಕೋಣೆಯಿದೆ, ಚಳಿಗಾಲದ ಪ್ರವಾಸದ ಡೇರೆಯಿದೆ, ಕಿಟಕಿಯಿಲ್ಲದ ಗರ್ಭಗೃಹದಲ್ಲಿ ಧೂಪಕ್ಕೆಂದು ಗಂಟೆಗಟ್ಟಲೆ ಉರಿಯುವ ಇದ್ದಿಲೂ ಇದೆ. ಪುರೋಹಿತರ ತಲೆನೋವನ್ನು ಉಪವಾಸದ ಲೆಕ್ಕಕ್ಕೆ ಬರೆಯುವ ಮೊದಲು ಬಸದಿಯ ಟ್ರಸ್ಟಿನವರು ಒಮ್ಮೆ ಒಳಗೆ ನಿಂತು ನೋಡಬೇಕು.

ಮಗು ಬಂದ ದಿನ ಮಾಲೀಕರು ಖರ್ಜೂರದ ಪೆಟ್ಟಿಗೆಯೊಂದಿಗೆ ಮೇಲೆ ಬಂದರು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಬಂದಿದ್ದರು, ಅದನ್ನೂ ಲೆಕ್ಕ ಹಾಕಿಯೇ. ಹಿರಿಯರ ಎರಡೂ ಕೈ ಹಿಡಿದು, “ಯಾ ಅಖೀ, ನನ್ನ ಮೊಮ್ಮಗನ ಜೀವ ನಿಮ್ಮಿಂದ ಉಳಿಯಿತು” ಎಂದರು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಅಳಿಯಂದಿರಿಗೆ ಹೇಳಿದರು: “ನಾನು ಎಂಟು ಗಂಟೆಗೇ ಆ ಕಂಬಳಿಯನ್ನು ನೋಡಿದ್ದೆ. ಕೆಂಡವಿಟ್ಟ ಕೋಣೆಯನ್ನು ಮುಚ್ಚಬಾರದೆಂದು ನನಗೆ ಗೊತ್ತಿತ್ತು. ಹೇಳಿದ್ದು ಹತ್ತೂವರೆಗೆ. ಅವರ ತಂಬಾಕಿನ ಪಾಪವನ್ನು ಎಣಿಸುತ್ತ ಕುಳಿತಿದ್ದೆ. ಇದನ್ನು ಹೀಗೆಯೇ ಅವರಿಗೆ ಹೇಳಿರಿ.”

ಅಳಿಯಂದಿರು ಅರಬ್ಬಿಯಲ್ಲಿ ಏನೋ ಹೇಳಿದರು. ಮಾಲೀಕರು ನಗುತ್ತ ತಲೆಬಾಗಿಸಿದರು. ಹಿರಿಯರಿಗೆ ಆ ಭಾಷೆ ಬಾರದು. ಆದರೆ ತಾವು ಆಡಿದ್ದು ನಾಲ್ಕೈದು ವಾಕ್ಯ, ಅಲ್ಲಿ ಹೋದದ್ದು ಒಂದೇ, ಅದರಲ್ಲಿಯೂ ‘ಅಲ್‌ಹಮ್ದುಲಿಲ್ಲಾ’ ಎಂಬುದೊಂದು ಸ್ಪಷ್ಟವಾಗಿ ಕೇಳಿತ್ತು. “ಇಲ್ಲ, ಸರಕು ಪೂರ್ತಿ ಮುಟ್ಟಲಿಲ್ಲ. ಇನ್ನೊಮ್ಮೆ ಹೇಳಿರಿ” ಎಂದರು.

“ಯಾಕ ಮಾವನವರ, ಅವರು ಸಂತೋಷದಾಗ ಬಂದಾರ…” ಎಂದು ಅಳಿಯಂದಿರು ತಡವರಿಸಿದರು. ಕೊನೆಗೆ ಮಗಳೇ ಮುಂದೆ ಬಂದು, ನೆರೆಯವರ ಸಹವಾಸದಲ್ಲಿ ಕಲಿತ ಅರಬ್ಬಿಯಲ್ಲಿ, ತಂದೆಯ ಮಾತನ್ನು ಒಂದೊಂದಾಗಿ ಇಳಿಸಿದಳು. ಮಾಲೀಕರ ನಗು ನಿಂತಿತು. ಅವರು ಕುರ್ಚಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ, ತಮ್ಮ ತಾಯಿಯೂ ಹಳ್ಳಿಯ ಮನೆಯಲ್ಲಿ ರಾತ್ರಿ ಮಲಗುವ ಮೊದಲು ಕಾನೂನನ್ನು ಹೊರಗಿಡಿಸುತ್ತಿದ್ದರು, ಮಳೆ ಬಂದರೂ ಬಿಡುತ್ತಿರಲಿಲ್ಲ, ಎಂದರು. ಅದು ಮುದುಕಿಯ ಭಯವೆಂದು ತಾವು ತಿಳಿದಿದ್ದರಂತೆ.

ಆಮೇಲೆ ಇಬ್ಬರೂ ಖರ್ಜೂರ ತಿಂದರು. ಹುಕ್ಕಾ ಬಿಡಿರೆಂದು ಹಿರಿಯರು ಹೇಳಲಿಲ್ಲ, ಬಿಡುತ್ತೇನೆಂದು ಮಾಲೀಕರೂ ಹೇಳಲಿಲ್ಲ.

ಮುಂದಿನ ಗುರುವಾರವೂ ಮಳೆಯೇ. ಮಾಲೀಕರು ಮೊಗಸಾಲೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು ಇದ್ದಿಲು ಹೊತ್ತಿಸಲು ಹೆಣಗುತ್ತಿದ್ದರು. ಗಾಳಿ ಹನಿಗಳನ್ನು ಒಳಕ್ಕೆ ಚೆಲ್ಲಿ ಕೆಂಡ ಚುರ್ರೆನ್ನುತ್ತಿತ್ತು. ಶ್ರೀಮತಿಯವರು ಕಿಟಕಿಯಿಂದ ನೋಡಿದಾಗ ಹಿರಿಯರು ಕೋಟು ತೊಟ್ಟು, ಹೆಗಲು ತೋಯಿಸಿಕೊಂಡು, ತಮ್ಮ ದೊಡ್ಡ ಕೊಡೆಯನ್ನು ಅಗ್ಗಿಷ್ಟಿಕೆಯ ಮೇಲೆ ಹಿಡಿದು ನಿಂತಿದ್ದರು. “ಇದು ಯಾವ ಕರ್ಮದಾಗ ಬರತೈತ್ರಿ?” ಎಂದು ಅವರು ಕೇಳಿದ್ದಕ್ಕೆ ಹಿರಿಯರು ಉತ್ತರ ಕೊಡಲಿಲ್ಲ; ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ನೋಡಿ ಕೊಡೆಯನ್ನು ಸ್ವಲ್ಪ ಓರೆಮಾಡಿದರು.